ಗಂ. ಮುಂದಿನ ಹೆಸರು

ಗೋಡೆಯ ಮೇಲೆ ಆ ಸಾಲು ಮೂಡಿದಾಗ ಸುನಂದಾ ತರಗತಿಯ ಕಡೆ ಮುಖ ಮಾಡಿ ನಿಂತಿದ್ದಳು. ಹಾಗಾಗಿ ಅದನ್ನು ಎಲ್ಲರಿಗಿಂತ ಕೊನೆಗೆ ನೋಡಿದವಳು ಅವಳೇ.

ಮೊದಲು ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಲಿಯಾ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ದಾಂಡೇಲಿಯಿಂದ ಬರುವ ಸುಫಿಯಾನನಿಗೆ ಮಾತ್ರ ತಡೆದುಕೊಳ್ಳಲಾಗಲಿಲ್ಲ. ಎದ್ದು ನಿಂತು ಚಪ್ಪಾಳೆ ತಟ್ಟಿ, “ಮುಬಾರಕ್ ಹೋ ಸರ್!” ಎಂದ.

ಸುನಂದಾ ತಿರುಗಿ ನೋಡಿದಳು. ಪ್ರೊಜೆಕ್ಟರಿನ ಬೆಳಕಿನಲ್ಲಿ, ಗೋಡೆಯ ಅಗಲಕ್ಕೆ, ಕಪ್ಪಿನ ಮೇಲೆ ಬಿಳಿ ಅಕ್ಷರಗಳು:

Sunanda gam. Pundalik

ಹಳಿಯಾಳದ ಕಡೆ ಹೆಣ್ಣಿನ ಹೆಸರಿನ ಪಕ್ಕ ‘ಗಂ.’ ಎಂದು ಬರೆದರೆ ಅದರ ಮುಂದೆ ಬರುವುದು ಗಂಡನ ಹೆಸರು. ಅದನ್ನು ಯಾವ ಹುಡುಗರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪುಂಡಲೀಕ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದ. ಅವನೂ ಅವಳಂತೆ ಆ ಡಿಪ್ಲೊಮಾ ಕಾಲೇಜಿನ ಅತಿಥಿ ಉಪನ್ಯಾಸಕ. ಸಿ ಭಾಷೆಯ ಲ್ಯಾಬ್ ತರಗತಿಗಳನ್ನು ಇಬ್ಬರೂ ಸೇರಿ ನಡೆಸುತ್ತಿದ್ದರು. ಅವನು ಗೋಡೆಯನ್ನು ನೋಡಿದ. ಅವಳನ್ನು ನೋಡಿದ. ಅವಳ ಕೊರಳಿನಿಂದ ಕಿವಿಯವರೆಗೆ ಏರಿದ ಕೆಂಪನ್ನೂ ನೋಡಿರಬೇಕು. ನಿಧಾನವಾಗಿ ಎದ್ದು ಬೋರ್ಡಿನ ಹತ್ತಿರ ಹೋದ.

“ನಗ್ರಿ, ನಗ್ರಿ. ನಕ್ಕು ಮುಗಿಸಿದ ಮ್ಯಾಲ ಹೇಳ್ತೇನಿ,” ಎಂದ. “ಇದು ನನ್ನ ತಪ್ಪು. ಇವತ್ತಿನ ಪಾಠನೂ ಇದ.”

ಚಾಕ್ ಹಿಡಿದು ಒಂದು ಅಡ್ಡಗೆರೆ ಎಳೆದು, ಪಕ್ಕದಲ್ಲಿ g ಬರೆದ.

“ಪ್ರೋಗ್ರಾಂ ಹೆಸರಿನ ಮುಂದ ಹಿಂಗ ಅಡ್ಡಗೆರಿ ಹಾಕಿ ಅಕ್ಷರ ಬರದ್ರ ಅದು ಆಪ್ಷನ್. g ಅಂದ್ರ, ಗಂಡನ ಹೆಸರು ಹೇಳ್ತೇನಿ, ತಗೋ ಅಂದಂಗ. ಕೋಡಿನ್ಯಾಗ ಆ g ಮಗ್ಗಲಕ ನಾ ಒಂದು ಕೋಲನ್ ಇಟ್ಟೀನಿ. ಕೋಲನ್ ಇತ್ತಂದ್ರ ಅದು ಒಂಟಿ ನಿಲ್ಲಂಗಿಲ್ಲ. ಅದಕ್ಕೊಂದು ಹೆಸರು ಬೇಕಂದ್ರ ಬೇಕು. ಮೇಡಂ ನಮ್ಮಿಬ್ಬರ ಹೆಸರಿನ ಚೀಟಿ ಒಮ್ಮೆಲೆ ತಗೀಬೇಕಂತ ಎರಡೂ ಹೆಸರು ಬರದಾರ. g ಮುಂದ ಏನೂ ಬರದಿಲ್ಲ. ಅದು ಸುಮ್ಮನಿರತೈತೇನು? ಮುಂದ ಯಾರು ನಿಂತಾರ ಅಂತ ನೋಡ್ತು. ನಾ ನಿಂತಿದ್ದೆ. ಹಿಡಕೊಂಡ್ತು.”

“ಪಾಪ, ಸರ್!” ಎಂದಳು ಆಲಿಯಾ. ಮತ್ತೆ ನಗು.

“ಎರಡು ಕೋಲನ್ ಇಟ್ಟಿದ್ರ ಹೆಸರು ಇದ್ರೂ ನಡೀತೈತಿ, ಇಲ್ಲದಿದ್ರೂ ನಡೀತೈತಿ. ನಾ ಇಡಬೇಕಿತ್ತು, ಇಡಲಿಲ್ಲ. ಬರಕೋರಿ.”

ಹುಡುಗರು ಬರೆದುಕೊಂಡರು. ಸುನಂದಾ ಕಿಟಕಿಯ ಸರಳು ಹಿಡಿದು ನಿಂತೇ ಇದ್ದಳು. ‘ಹೌದು, ಹಾಗೇ ಆಯಿತು’ ಎಂದು ಒಂದು ಮಾತು ಸೇರಿಸಿದ್ದರೂ ಸಾಕಿತ್ತು. ಬಾಯಿ ಬರಲಿಲ್ಲ.

ಏಕೆಂದರೆ ಪುಂಡಲೀಕ ಹೇಳಿದ್ದರಲ್ಲಿ ಕೋಲನ್ನಿನ ಮಾತು ಮಾತ್ರ ನಿಜ. ಉಳಿದದ್ದು ಸುಳ್ಳು. ಅದು ಅವಳಿಗೆ ಗೊತ್ತಿತ್ತು.

*

ಪಾಲಕರ ಸಭೆಗೆ ಬರುವವರ ಎದೆಗೆ ಹಚ್ಚಲು ಹೆಸರಿನ ಚೀಟಿ ಬೇಕಾಗಿತ್ತು. ಊರೂರಿನಿಂದ ಬರುವ ತಾಯಂದಿರಲ್ಲಿ ಶಾಂತವ್ವ ಎಂಬ ಹೆಸರಿನವರೇ ಎಷ್ಟೋ ಮಂದಿ. ಗಂಡನ ಹೆಸರಿಲ್ಲದೆ ಗುರುತು ಸಿಗುವುದಿಲ್ಲ. ಪಾಠವೂ ಆಗಲಿ, ಕೆಲಸವೂ ಆಗಲಿ ಎಂದು ಇಬ್ಬರೂ ಕೂತು ‘ಚೀಟಿ’ ಎಂಬ ಸಣ್ಣ ಪ್ರೋಗ್ರಾಂ ಬರೆದರು.

ಬರೆದರು ಎಂದರೆ, ಅವನು ಟೈಪ್ ಮಾಡುತ್ತಿದ್ದ, ಅವಳು ನೋಡುತ್ತಿದ್ದಳು. ಎರಡೇ ಬೆರಳಲ್ಲಿ ಟೈಪ್ ಮಾಡುವವನು ಅವನು.

“ಕೋಳಿ ಕಾಳು ಹೆಕ್ಕಿದಂಗ ಮಾಡತೀರಲ್ರಿ ಸರ್,” ಎಂದಿದ್ದಳು ಒಮ್ಮೆ.

“ಕಾಳು ಸಿಕ್ಕರ ಸಾಕಲ್ರಿ ಮೇಡಂ. ಕೋಳಿ ಚಂದ ಇರಬೇಕಂತೇನಿಲ್ಲ.”

ಅವನು ನಗುವಾಗ ಸದ್ದು ಬರುತ್ತಿರಲಿಲ್ಲ. ಹೆಗಲು ಮಾತ್ರ ಕುಣಿಯುತ್ತಿತ್ತು. ಕೋಗಿಲಬನದಿಂದ ಮೊದಲ ಬಸ್ಸಿಗೆ ಬರುತ್ತಿದ್ದುದರಿಂದ ಮುಂಜಾನೆಯ ತರಗತಿಗಳಲ್ಲಿ ಅವನ ಕೂದಲು ಇನ್ನೂ ಒದ್ದೆಯಿರುತ್ತಿತ್ತು. ಇವನ್ನೆಲ್ಲ ತಾನು ಯಾವಾಗ ಗಮನಿಸತೊಡಗಿದೆ ಎಂಬುದು ಅವಳಿಗೇ ತಿಳಿಯದು. ಗಮನಿಸುತ್ತಿದ್ದೇನೆ ಎಂದು ಅರಿವಾದ ದಿನ ಮನೆಗೆ ಹೋಗಿ ಊಟ ಮಾಡದೆ ಮಲಗಿದ್ದಳು.

ಒಂದು ಮಧ್ಯಾಹ್ನ ಅವನು g ಪಕ್ಕ ಕೋಲನ್ ಹಾಕಿದಾಗ ಅವಳು ಕೇಳಿದ್ದಳು: “ಗಂಡ ಇಲ್ಲದಾಕಿ ಬಂದ್ರ?”

ಅವನ ಬೆರಳು ಅಲ್ಲೇ ನಿಂತಿತು. ಮುಖವೆಲ್ಲ ಕೆಂಪಾಯಿತು. “ಕ್ಷಮಿಸ್ರಿ. ನನಗ ಹೊಳೀಲಿಲ್ಲ,” ಎಂದ. ಬಹಳ ಹೊತ್ತು ಅವಳ ಕಡೆ ನೋಡಲಿಲ್ಲ. ನೋಡಿದಾಗ, ಆ ನೋಟದಲ್ಲಿ ಅಯ್ಯೋ ಪಾಪ ಎಂಬುದು ಇರಲಿಲ್ಲ. ಎರಡು ವರ್ಷದಲ್ಲಿ ಅವಳನ್ನು ಹಾಗೆ ನೋಡಿದವನು ಅವನೊಬ್ಬನೇ.

ಅವಳ ಗಂಡ ಅಜಯ ಕುಂಬಾರವಾಡದಲ್ಲಿ ಮಾಸ್ತರನಾಗಿದ್ದ. ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಎರಡು ವರ್ಷದ ಹಿಂದೆ ಜೋಯಿಡಾ ರಸ್ತೆಯ ಒಂದು ತಿರುವಿನಲ್ಲಿ ಬೈಕು ಜಾರಿತು. ಇದಕ್ಕಿಂತ ಹೆಚ್ಚಿನದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಲು ಒಳಗೆ ಏನೂ ಇದ್ದಂತೆ ಅನ್ನಿಸುತ್ತಿರಲಿಲ್ಲ.

ಆ ತರಗತಿಯ ಹಿಂದಿನ ಸಂಜೆ ಎಲ್ಲರೂ ಹೋದ ಮೇಲೆ ಲ್ಯಾಬಿನಲ್ಲಿ ಒಬ್ಬಳೇ ಉಳಿದಿದ್ದಳು. ಪ್ರೋಗ್ರಾಂ ಸರಿ ಇದೆಯೇ ನೋಡೋಣವೆಂದು ತನ್ನ ಹೆಸರನ್ನೇ ಕೊಟ್ಟು ಬರೆದಳು:

./cheeti -g Ajay Sunanda

ಉತ್ತರ ಬಂತು. ‘Sunanda gam. Ajay’. ತನಗೆ ಅಳು ಬರುತ್ತದೆ ಎಂದುಕೊಂಡಳು. ಬರಲಿಲ್ಲ. ಹೊರಗೆ ಕಾವಲುಗಾರ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದ ಸದ್ದು ಕೇಳುತ್ತಿತ್ತು. ಅವಳ ಕೈ ತಾನಾಗಿ ಆ ಸಾಲನ್ನು ಮತ್ತೆ ತಂದಿತು. ಅಜಯನ ಹೆಸರಿನ ಒಂದೊಂದೇ ಅಕ್ಷರ ಅಳಿಸಿತು. ಆ ಜಾಗದಲ್ಲಿ ಇನ್ನೊಂದು ಹೆಸರು ಬರೆಯಿತು.

ಬರೆದು, ಎಂಟರ್ ಒತ್ತಿ, ನೋಡಿದಳು. ಚಂದ ಕಂಡಿತು.

ನಾಚಿಕೆಯೆಲ್ಲ ಇದ್ದದ್ದು ಅಲ್ಲೇ. ಬರೆದದ್ದರಲ್ಲಿ ಅಲ್ಲ, ಚಂದ ಕಂಡದ್ದರಲ್ಲಿ. ಯಂತ್ರ ಆರಿಸಿ ಓಡಿದಂತೆ ಬಸ್‌ಸ್ಟ್ಯಾಂಡಿಗೆ ನಡೆದಿದ್ದಳು. ನಾವು ಬರೆದ ಸಾಲುಗಳನ್ನು ಯಂತ್ರ ನೆನಪಿಟ್ಟುಕೊಳ್ಳುತ್ತದೆ, ಮೇಲಿನ ಬಾಣದ ಗುಂಡಿ ಒತ್ತಿದರೆ ಕೊನೆಯ ಸಾಲು ಹಾಗೆಯೇ ಮರಳುತ್ತದೆ ಎಂಬುದು ಹುಡುಗರಿಗೆ ಅದನ್ನು ಕಲಿಸಿದವಳಿಗೇ ಮರೆತಿತ್ತು. ಇವತ್ತು ಹುಡುಗರೊಂದಿಗೆ ಮಾತಾಡುತ್ತ, ನೋಡದೆ, ಬಾಣ ಒತ್ತಿ ಎಂಟರ್ ಒತ್ತಿದ್ದಳು.

ಯಾವ ಆಪ್ಷನ್ನೂ ಯಾವ ಹೆಸರನ್ನೂ ತಪ್ಪಿ ಹಿಡಿದಿರಲಿಲ್ಲ. ಪ್ರೋಗ್ರಾಂ ಅವಳು ಹೇಳಿದ್ದನ್ನೇ ಮಾಡಿತ್ತು.

*

ಆ ಸಾಲಿನ ಫೋಟೋವನ್ನು ಯಾರೋ ಮೊಬೈಲಿನಲ್ಲಿ ತೆಗೆದಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ಪಾಲಕರ ವಾಟ್ಸಾಪ್ ಗುಂಪಿಗೆ ತಲುಪಿತು. ಸಂಜೆ ಪ್ರಿನ್ಸಿಪಾಲ್ ಮಹಾಬಳೇಶ್ವರ ಇಬ್ಬರನ್ನೂ ಕರೆಸಿದರು.

“ಯಾರು ಬರದ ಕೋಡ್ ಇದು?”

“ನಂದು ಸರ್,” ಎಂದ ಪುಂಡಲೀಕ.

“ಗಂಡ ಸತ್ತಾಕಿ ಹೆಸರಿನ ಮುಂದ ನಿನ್ನ ಹೆಸರು ಬರತೈತಿ. ಬೇಕಂತ ಮಾಡ್ಯಾನ ಅಂತಾರ ಮಂದಿ. ಒಬ್ಬರು ಫೋನ್ ಮಾಡಿ ಏನೇನ ಅಂದ್ರು, ಈ ಹುಡುಗಿ ಮುಂದ ಹೇಳಾಕ ಆಗೂದಿಲ್ಲ.” ಪ್ರಿನ್ಸಿಪಾಲರು ಅವಳ ಕಡೆ ತಿರುಗಿದರು. “ಕೋಡ್ ಇವನದ ಹೌದೇನಮ್ಮಾ?”

ಕೋಡ್ ಅವನದೇ. ಕೇಳಿದ್ದು ಅಷ್ಟೇ.

“ಹೌದ್ರಿ ಸರ್,” ಎಂದಳು.

ನಿಜ ಹೇಳಿ ಇಷ್ಟು ಕೀಳಾಗಬಹುದು ಎಂದು ಅವಳಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ಪುಂಡಲೀಕ ಅವಳ ಕಡೆ ನೋಡಲೂ ಇಲ್ಲ. ನೋಡಿದರೆ ಅವಳು ತಡೆದುಕೊಳ್ಳದೆ ಎಲ್ಲ ಹೇಳಿಬಿಡುತ್ತಾಳೆಂದು ತಿಳಿದೇ ಏನೋ, ನೆಲ ನೋಡುತ್ತ ನಿಂತಿದ್ದ.

“ಸೋಮವಾರದಿಂದ ಮುಂಡಗೋಡದ ನಮ್ಮ ಕಾಲೇಜಿಗೆ ಹೋಗು,” ಎಂದರು ಪ್ರಿನ್ಸಿಪಾಲರು. “ಯಾಕ ಕಳಸೀರಿ ಅಂತ ಅಲ್ಲಿಂದ ಯಾರರ ಕೇಳಿದ್ರ ನಾ ಸುಳ್ಳ ಹೇಳಾಂಗಿಲ್ಲ ನೋಡು.”

“ಆತ್ರಿ ಸರ್.”

ಹೊರಗೆ ಬಂದ ಮೇಲೆ ಅವಳು, “ಸರ್...” ಎಂದಳು.

“ಬಸ್ ತಪ್ಪತೈತ್ರಿ ಮೇಡಂ. ಬರ್ತೇನಿ,” ಎಂದ. ಹೆಗಲಿಗೆ ಚೀಲ ಏರಿಸಿಕೊಂಡು ಹೋಗಿಬಿಟ್ಟ.

*

ಅತ್ತೆ ನೀಲಕ್ಕ ರೊಟ್ಟಿ ಬಡಿಯುತ್ತಿದ್ದರು. ಅಜಯ ಹೋದ ಮೇಲೆ ಸುನಂದಾ ತವರಿಗೆ ಹೋಗಿರಲಿಲ್ಲ. ಅತ್ತೆ ಸೊಸೆ ಇಬ್ಬರೇ ಆ ಮನೆಯಲ್ಲಿದ್ದರು. ಕಾಲು ತೊಳೆದು ಒಳಗೆ ಬಂದವಳನ್ನು ನೀಲಕ್ಕ ತಲೆ ಎತ್ತಿ ನೋಡಲಿಲ್ಲ.

“ಮಗ್ಗಲ ಮನಿ ಸುಮಿತಾ ಬಂದಿದ್ಲು. ಫೋನ್ ತೋರಿಸಿದ್ಲು. ಇಂಗ್ಲಿಷ್ ಐತಿ, ನನಗ ತಿಳೀಲಿಲ್ಲ. ಓದಿ ಹೇಳಿದ್ಲು.”

ಸುನಂದಾ ಗೋಡೆಗೆ ಆತು ಕುಳಿತಳು.

“ಆ ಮಾಸ್ತರನ ತಪ್ಪಂತ. ಮುಂಡಗೋಡಕ್ಕ ಒಗದಾರಂತ.” ರೊಟ್ಟಿ ತಿರುಗಿತು. “ಬರದಾಕಿ ನೀನ ಹೌದಲ್ಲೋ?”

“ಅತ್ತೀ...”

“ನನಗ ಓದಾಕ ಬರೂದಿಲ್ಲ ಅಂತ ಏನೂ ತಿಳಿಯೂದಿಲ್ಲಂದ್ಕೊಂಡಿಯೇನ? ಅಂವಾ ಹೋದ ಮ್ಯಾಲ ನಾ ಏನ ಹಾಕಿದ್ರೂ ತಿಂದಿ. ಉಪ್ಪಿಲ್ಲದ್ದೂ ತಿಂದಿ, ಸೀದದ್ದೂ ತಿಂದಿ. ಮನ್ನೆ ಮನ್ನೆ ಶುರು ಮಾಡೀದಿ, ಅತ್ತೀ, ಪಲ್ಯಾಕ್ಕ ಉಪ್ಪು ಕಮ್ಮಿ ಆಗೈತಿ ಅಂತ. ಅವತ್ತ ತಿಳೀತು ನನಗ.”

ಸುನಂದಾ ಮಂಡಿಯಲ್ಲಿ ಮುಖ ಇಟ್ಟಳು. “ನನಗ ನಾಚಿಕಿ ಆಗತೈತ್ರಿ,” ಎಂದಳು. ಎರಡು ವರ್ಷದಲ್ಲಿ ಆ ಮನೆಯಲ್ಲಿ ಅವಳು ತನ್ನ ಬಗ್ಗೆ ಆಡಿದ ಮೊದಲ ಮಾತು ಅದು.

“ಆಗಲಿ. ಆಗಬೇಕು.” ನೀಲಕ್ಕ ಹಂಚಿನ ಮೇಲಿನ ರೊಟ್ಟಿ ತೆಗೆದು ಬುಟ್ಟಿಗೆ ಹಾಕಿದರು. “ಆದ್ರ ಯಾತಕ್ಕ ಅನ್ನೂದು ತಿಳಕೋ. ಇನ್ನೊಂದು ಮದಿವಿ ನಮ್ಮವರೊಳಗ ಇಲ್ಲದ್ದೇನಲ್ಲ. ನಮ್ಮ ಚಿಗವ್ವ ಗಂಡ ಸತ್ತ ಮ್ಯಾಲ ಉಡಕಿ ಆದಾಕಿ. ಮಂದಿ ಉಡಕಿ ಉಡಕಿ ಅಂತ ಹಿಂದ ಆಡಕೊಂಡ್ರು, ಆಕಿ ಸೀರಿ ನಿರಿಗಿ ಸರಿ ಮಾಡಕೊಂಡು ಮುಂದ ನಡದ್ಲು. ನನಗ ಹೊಟ್ಯಾಗ ಉರೀತೈತಿ, ಸುಳ್ಳ ಯಾಕ ಹೇಳಲಿ? ನನ್ನ ಮಗನ ಹೆಸರು ಇದ್ದ ಜಾಗಾ ಅದು. ಆ ಉರಿ ನಂದು, ನಾ ನೋಡಕೊಂತೀನಿ.”

ಕೈಯ ಹಿಟ್ಟು ಒರೆಸಿಕೊಂಡು ಮೊದಲ ಸಲ ಸೊಸೆಯ ಮುಖ ನೋಡಿದರು.

“ಮಂದಿ ಹುಡುಗನ ಮಾರಿಗಿ ಮಸಿ ಬಳದು, ನೀ ಒಳ್ಳೇಕಿ ಆಗಿ ನನ್ನ ಮನ್ಯಾಗ ಕುಂದರಬ್ಯಾಡ. ಅದಕ್ಕ ನಾಚ್ಕೋ.”

ಆಮೇಲೆ ತಟ್ಟೆ ಮುಂದಿಟ್ಟರು. ಪಲ್ಯಕ್ಕೆ ಉಪ್ಪು ಸರಿಯಾಗಿತ್ತು. ಸುನಂದಾ ಅಳುತ್ತ ಉಂಡಳು. ಅಳು ಎಲ್ಲಿತ್ತೋ, ನಿಲ್ಲಲೇ ಇಲ್ಲ. ನೀಲಕ್ಕ ಇನ್ನೊಂದು ರೊಟ್ಟಿ ಹಾಕಿದರು.

*

ಮರುದಿನ ಶನಿವಾರ. ಪ್ರಿನ್ಸಿಪಾಲರು ಕೋಣೆಯ ಬೀಗ ತೆಗೆಯುವಾಗಲೇ ಅವಳು ಬಾಗಿಲಲ್ಲಿದ್ದಳು.

“ಸರ್, ಕೋಡ್ ಸರಿ ಐತ್ರಿ. ಆ ಸಾಲು ಬರದಾಕಿ ನಾನು.”

“ಗೊತ್ತಲ್ಲಮ್ಮಾ. ಇಬ್ಬರದೂ ಚೀಟಿ ತಗ್ಯಾಕ ಹೋಗಿ ತಪ್ಪಿ...”

“ತಪ್ಪಿ ಅಲ್ರಿ. ಹಿಂದಿನ ದಿನ ಸಂಜಿಮುಂದ ಒಬ್ಬಾಕಿನ ಕುಂತು ಬರದಿದ್ದೆ. ಬೇಕಂತ ಬರದೆ. ಹೆಂಗ ಕಾಣತೈತಿ ನೋಡಾಕ.”

ಮಹಾಬಳೇಶ್ವರರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಳ್ಳುವುದನ್ನು ಮರೆತರು. “ಇದನ್ನ ನನಗ್ಯಾಕ ಹೇಳತೀಯಮ್ಮಾ?” ಎಂದರು, ತಾವೇ ಸಿಕ್ಕಿಬಿದ್ದವರಂತೆ.

“ನಿಮಗ ನಿನ್ನೆ ಅರ್ಧಾ ಹೇಳಿದ್ದೆ ಸರ್.”

ಅವರು ಫ್ಯಾನಿನ ಕಡೆ ನೋಡಿದರು. ಮೇಜಿನ ಮೇಲಿದ್ದ ಫೋನಿನ ಕಡೆ ನೋಡಿದರು. “ಅಂವಾ ಮುಂಡಗೋಡಕ್ಕ ಹೋಗೂದ ಬ್ಯಾಡ, ನಾ ತಿಳಿಸ್ತೇನಿ. ಫೋನ್ ಮಾಡಿದವರಿಗೂ ತಪ್ಪು ಅವನದಲ್ಲ ಅಂತ ಹೇಳ್ತೇನಿ. ಆದ್ರ ಅಂವಗ ಏನ ಹೇಳಬೇಕೋ ಅದು ನನ್ನ ಕಡಿಂದ ಆಗೂದಿಲ್ಲ. ಅಂವಾ ಇವತ್ತ ರಜಾ ಹಾಕ್ಯಾನ.” ಸ್ವಲ್ಪ ತಡೆದು, “ನಿಂದೂ ಅರ್ಧಾ ದಿನ ರಜಾ ಹಾಕ್ಕೊ,” ಎಂದರು.

ದಾಂಡೇಲಿಯಲ್ಲಿ ಬಸ್ಸು ಬದಲಿಸಿದಳು. ಕಾಳಿ ನದಿ ಕಿಟಕಿಯ ಪಕ್ಕ ಬಂತು, ಮರೆಯಾಯಿತು, ಮತ್ತೆ ಬಂತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ಕೋಗಿಲಬನದಲ್ಲಿ ಇಳಿದಾಗ ಒಂದು ಮಾತೂ ಉಳಿದಿರಲಿಲ್ಲ.

ಪುಂಡಲೀಕನ ಮನೆ ಕೇಳಿದರೆ ಹಂಚಿನ ಅಂಗಡಿಯವನು ಕೈ ತೋರಿಸಿದ. ಅಂಗಳದಲ್ಲಿ ಅವನು ಲುಂಗಿ ಬನಿಯನ್ನಿನಲ್ಲಿ ನಿಂತು, ಮುಂಡಗೋಡಕ್ಕೆ ಒಯ್ಯಲಿಕ್ಕೆಂದು ಒಗೆದ ಅಂಗಿಗಳನ್ನು ಹಗ್ಗಕ್ಕೆ ಹಾಕುತ್ತಿದ್ದ. ಕಟ್ಟೆಯ ಮೇಲೆ ಅವನ ತಾಯಿ ಮುದಕವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

ಸುನಂದಾಳನ್ನು ಕಂಡವನೇ ಪುಂಡಲೀಕ ಬನಿಯನ್ನಿನ ತೂತಿಗೆ ಕೈ ಅಡ್ಡ ಹಿಡಿದ. ಒಳಗೆ ಓಡಿ, ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿದ ಅಂಗಿಯಲ್ಲಿ ಹೊರಗೆ ಬಂದ.

“ನೀವು... ಬರ್ರಿ ಮೇಡಂ. ಕುಂದರ್ರಿ.”

“ನೀವು ಮುಂಡಗೋಡಕ್ಕ ಹೋಗೂದು ಬೇಕಾಗಿಲ್ರಿ. ಪ್ರಿನ್ಸಿಪಾಲರ ಮುಂದ ಹೇಳಿ ಬಂದೀನಿ. ಅದು ನಾನ ಬರದದ್ದು, ತಪ್ಪಿ ಬರದದ್ದಲ್ಲ ಅಂತ.” ಒಂದೇ ಉಸಿರಿಗೆ ಹೇಳಿದಳು. “ನಿಮಗೂ ಹೇಳಬೇಕಾಗಿತ್ತು. ಹೇಳಿದೆ.”

ಅವನು ನಗುತ್ತಾನೆ ಎಂದುಕೊಂಡಿದ್ದಳು. ಹೆಗಲು ಕುಣಿಯಲಿಲ್ಲ. ಹಗ್ಗಕ್ಕೆ ಹಾಕಬೇಕಾಗಿದ್ದ ಒಂದು ಒದ್ದೆ ಅಂಗಿಯನ್ನು ಎತ್ತಿಕೊಂಡು ಹಿಂಡುತ್ತಲೇ ಇದ್ದ. ಅದರಲ್ಲಿ ನೀರು ಉಳಿದಿರಲಿಲ್ಲ.

“ನನಗ ಗೊತ್ತಿತ್ರಿ,” ಎಂದ.

“ಕ್ಲಾಸಿನ್ಯಾಗ ನೋಡಿ ತಿಳೀತೇನು?”

“ಅಲ್ಲ. ಅದಕ್ಕೂ ಮೊದಲ. ಮುಂಜಾನೆ ಮಷೀನ್ ಚಾಲೂ ಮಾಡಿದವ ನಾನು. ಬಾಣ ಒತ್ತಿದೆ. ಆ ಸಾಲು ಬಂತು.” ಅವನ ದನಿ ಇಳಿಯಿತು. “ಅಳಿಸಬೇಕಿತ್ತು. ನಾ ಅಳಿಸಿದ್ರ ನಿಮಗ ಏನೂ ಆಗತಿರಲಿಲ್ಲ. ಇನ್ನೊಮ್ಮೆ ನೋಡೂಣು ಅನಿಸ್ತು, ಬಿಟ್ಟೆ. ಕ್ಲಾಸ್ ಮುಗದ ಮ್ಯಾಲ ನೋಡೂಣು ಅಂತ. ಅದು ಗೋಡಿ ಮ್ಯಾಲ ಬಂತು. ತಪ್ಪು ನಂದು ಅಂದೆನಲ್ಲ, ಸುಳ್ಳ ಹೇಳಿರಲಿಲ್ರಿ ನಾ.”

ಸುನಂದಾಗೆ ಸಿಟ್ಟು ಬಂತು. ನಿಜವಾದ, ಬಿಸಿಯಾದ ಸಿಟ್ಟು. “ನಾ ಅಲ್ಲೆ ಸಾಯಾಕ ಹತ್ತಿದ್ದೆ. ನೀವು ಇನ್ನೊಮ್ಮೆ ನೋಡಾಕ ಇಟ್ಟಿದ್ರೇನು?”

“ಹೌದ್ರಿ.”

“ಎಷ್ಟು ಸಲ ನೋಡಿದ್ರಿ ಮುಂಜಾನೆ?”

ಅವನು ಅಂಗಿಯನ್ನು ಇನ್ನೊಮ್ಮೆ ಹಿಂಡಿದ. ಕಿವಿ ಕೆಂಪಾದವು. ತನ್ನ ಕಿವಿಗಳೂ ಹಾಗೇ ಆಗಿವೆ ಎಂದು ಅವಳಿಗೆ ಮುಟ್ಟದೆಯೇ ತಿಳಿಯಿತು. ಇಬ್ಬರೂ ಅಂಗಳದ ನಡುವೆ, ಕಳ್ಳತನದಲ್ಲಿ ಸಿಕ್ಕಿಬಿದ್ದ ಮಕ್ಕಳಂತೆ, ಒಬ್ಬರ ಕಾಲು ಇನ್ನೊಬ್ಬರು ನೋಡುತ್ತ ನಿಂತರು.

“ಚಂದ ಕಂಡ್ತೇನ್ರಿ?” ಎಂದಳು ಕೊನೆಗೆ, ತನಗೇ ಕೇಳಿಸದಷ್ಟು ಮೆಲ್ಲಗೆ.

“ಭಾಳ,” ಎಂದ. “ಆದ್ರ ಆ ಜಾಗಾ ಇನ್ನೊಬ್ಬರದು. ನಾನಾಗಿ ಬಂದು ನಿಲ್ಲಾಂಗಿಲ್ಲ. ನೀವು ಕರದ್ರ ಮಾತ್ರ.”

“ಯಾರಾಕಿ ಬೇ ನೀ?” ಎಂದು ಕಟ್ಟೆಯಿಂದ ದೊಡ್ಡ ದನಿ ಬಂತು.

ಪುಂಡಲೀಕ ಬೆಚ್ಚಿದ. “ಅವ್ವಗ ಕಿವಿ ಸ್ವಲ್ಪ ದೂರ,” ಎಂದ.

“ಕಾಲೇಜಿನಿಂದ ಬಂದೀನ್ರಿ,” ಎಂದಳು ಸುನಂದಾ.

“ಏನ?”

“ಕಾಲೇಜಿನಿಂದ್ರೀ!”

“ಅದು ತಿಳೀತು. ಬಂದ ಕೆಲಸ ಏನ?”

ಬೇಲಿಯಾಚೆ ಪಾತ್ರೆ ತಿಕ್ಕುತ್ತಿದ್ದವಳ ಕೈ ನಿಂತಿತು. ಸುನಂದಾ ಪುಂಡಲೀಕನ ಕಡೆ ನೋಡಿದಳು. ಅವನು ಬಾಯಿ ತೆರೆದ. ಮತ್ತೊಮ್ಮೆ ತನ್ನ ಮೇಲೆ ಏನೋ ಎಳೆದುಕೊಂಡು ಅವಳನ್ನು ಉಳಿಸಲು ಹೊರಟಿದ್ದಾನೆ ಎಂದು ಅವಳಿಗೆ ಅರ್ಥವಾಯಿತು. ಬೇಡವೆಂದು ಕೈ ಎತ್ತಿದಳು.

“ನಿಮ್ಮ ಮಗನ್ನ ಕೇಳಾಕ ಬಂದೀನ್ರಿ.”

“ಏನ ಕೇಳಾಕ?”

ಮುಖ ಬೆಂಕಿಯಾಗಿತ್ತು. ಆದರೂ ಕಟ್ಟೆಯ ಹತ್ತಿರ ಹೋಗಿ, ಇಡೀ ಓಣಿಗೆ ಕೇಳುವಂತೆ ಕೂಗಿದಳು:

“ಗಂಡು ಕೇಳಾಕ ಬಂದೀನ್ರೀ!”

ಹಿಂದೆ ಒದ್ದೆ ಅಂಗಿ ಮಣ್ಣಿಗೆ ಬಿದ್ದ ಸದ್ದು ಕೇಳಿತು.

ಮುದಕವ್ವ ಮೊರ ಕೆಳಗಿಟ್ಟಳು. ಸುನಂದಾಳ ಹಣೆ, ಕೊರಳು, ಬರಿಗೈ, ಎಲ್ಲವನ್ನೂ ಸಾವಕಾಶವಾಗಿ ನೋಡಿದಳು. ಆಮೇಲೆ ಅಂಗಿಯ ಗುಂಡಿ ತಪ್ಪಿಸಿಕೊಂಡು ನಿಂತ ಮಗನನ್ನು ನೋಡಿದಳು. ನೋಡಿದ್ದು ಸಾಕಾಯಿತೇನೋ, ಮಂಡಿಗೆ ಕೈ ಊರಿ ಎದ್ದಳು.

“ಹಂಗಾದ್ರ ಒಳಗ ಬಾ, ಯವ್ವಾ,” ಎಂದಳು. “ಗಂಡು ಕೇಳಾಕ ಬಂದಾಕಿ ಬಿಸಲಾಗ ನಿಲ್ಲತಾಳೇನು?”